ಎದ್ದು ಹೊರಗೆ ಹೋದ ಸರ್ಜರಿ ಆಂಟಿ

ಮೊನ್ನೆ ಅಂಗಡಿಯಿಂದ ತಂದ ಇಂಗಿನ ಡಬ್ಬಿ ಕಾರಿನಲ್ಲೇ ಮುಚ್ಚಳ ಬಿಟ್ಟುಕೊಂಡಿತ್ತು. ಸೀಟಿನ ಮೇಲಿದ್ದ ನನ್ನ ಆಫೀಸಿನ ಫೈಲುಗಳಿಗೆಲ್ಲ ಇಂಗು. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಯುವರ್ ಕ್ಲೈಂಟ್ಸ್ ವಿಲ್ ರನ್ ಅವೇ!" ಎಂದಳು. ನಾನು ಮಾತ್ರ ಒಂದು ಫೈಲನ್ನು ಮುಖದ ಹತ್ತಿರ ಹಿಡಿದು ಹಾಗೇ ಕೂತುಬಿಟ್ಟೆ. ಕಾಗದ, ಇಂಗು... ಈ ಎರಡು ವಾಸನೆ ಸೇರಿದರೆ ನನಗೆ ಸರ್ಜರಿ ಆಂಟಿಯೇ ಬಂದು ನಿಂತ ಹಾಗೆ.

ಸರ್ಜರಿ ಎಂದರೆ ಈ ಇಂಗ್ಲೆಂಡಿನಲ್ಲಿ ಆಪರೇಷನ್ ಅಲ್ಲ, ಜಿಪಿ ಎನ್ನುವ ಫ್ಯಾಮಿಲಿ ಡಾಕ್ಟರರ ಕ್ಲಿನಿಕ್ಕು. ಆಂಟಿಯ ಗಂಡ ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ಬಡಾವಣೆಯ ಜಿಪಿ. ಅವರ ಸರ್ಜರಿಯ ರಿಸೆಪ್ಷನ್ ಮೇಜನ್ನು ಇಪ್ಪತ್ತು ವರ್ಷ ಆಳಿದವರು ಆಂಟಿ. ಹಾಗಾಗಿ ಕನ್ನಡದವರ ನಡುವೆ ಅವರಿಗೆ ಅದೇ ಹೆಸರಾಗಿಹೋಗಿತ್ತು. ಉಡುಪಿ ಕಡೆಯವರು. ಗಂಡನೊಡನೆ ತುಳು, ನಮ್ಮೊಡನೆ ಕನ್ನಡ, ಸರದಿ ತಪ್ಪಿಸಿ ನುಗ್ಗುವವರೊಡನೆ ಖಡಕ್ ಇಂಗ್ಲಿಷ್.

ಡಾಕ್ಟರ್ ಅಂಕಲ್ ನಿವೃತ್ತರಾದ ಮೇಲೆ ಆಂಟಿ ಸುಮ್ಮನೆ ಕೂರಲಿಲ್ಲ. ಕೋರ್ಟಿಗೆ ಸೇರಿದ ಒಂದು ಸಲಹಾ ಸಮಿತಿಗೆ ಅರ್ಜಿ ಹಾಕಿ ಸದಸ್ಯೆಯಾದರು. ವಕೀಲರ ನಡತೆಯ ಮೇಲೆ ಬಂದ ದೂರುಗಳನ್ನು ಓದಿ, ಯಾರಿಗೆ ಎಚ್ಚರಿಕೆ ಸಾಕು, ಯಾರ ಲೈಸೆನ್ಸ್ ತೆಗೆಯಬೇಕು ಎಂದು ಸಲಹೆ ಕೊಡುವ ಸಮಿತಿ ಅದು. ವಕೀಲರಲ್ಲದ ಸಾಮಾನ್ಯ ಜನರೂ ಅದರಲ್ಲಿ ಇರಬೇಕೆಂದು ನಿಯಮ. ಸಂಬಳವಿಲ್ಲ, ಬಸ್ಸಿನ ಖರ್ಚು ಮತ್ತು ಟೀ ಅಷ್ಟೆ. ಸಮಿತಿಯ ಕಾಗದಗಳನ್ನು ಬೀಗ ಹಾಕಿ ಇಡಬೇಕು ಎಂದಿದ್ದರಂತೆ. ಆಂಟಿಯ ಮನೆಯಲ್ಲಿ ಬೀಗ ಇದ್ದದ್ದು ದಿನಸಿ ಕಪಾಟಿಗೆ ಮಾತ್ರ! ಹುಳಿಪುಡಿ, ಇಂಗು, ಮೆಣಸಿನ ಪಕ್ಕದಲ್ಲೇ ಬರ್ಮಿಂಗ್‌ಹ್ಯಾಮಿನ ವಕೀಲರ ಮಾನ ಮರ್ಯಾದೆ. ಬೀಗದ ಕೈ ಅವರ ಕರಿಮಣಿಯ ಜೊತೆ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಅಂಕಲ್‌ಗೆ ಸಾರಿಗೆ ಬೇಳೆ ಬೇಕಾದರೂ ಆಂಟಿಯೇ ಬರಬೇಕು.

ನಾನೂ ವಕೀಲೆಯೇ. ಮೈಸೂರಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಇಲ್ಲಿನ ಪರೀಕ್ಷೆಗಳನ್ನೂ ಬರೆದು, ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಹಿಡಿದಿದ್ದೆ. ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ಆಂಟಿ ಇಲ್ಲದಿದ್ದರೆ ನನ್ನ ಓದೂ ಇಲ್ಲ, ಕೆಲಸವೂ ಇಲ್ಲ. ಮಂಗಳವಾರ ನನಗೆ ಕೆಲಸ ತಡವಾಗುತ್ತಿತ್ತು. ಅವತ್ತು ನರ್ಸರಿಯಿಂದ ಮಗಳನ್ನು ಕರೆತಂದು, ಅನ್ನ ಕಲಸಿ ತಿನ್ನಿಸಿ ಮಲಗಿಸುವವರು ಅವರು. ಹೆತ್ತಮ್ಮ ಮಾಡುವುದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದರು.

ಇನ್ನು ನನ್ನ ಘನಕಾರ್ಯ ಹೇಳಬೇಕು. ಒಂದು ಶನಿವಾರ ಊರ ಪಕ್ಕದ ಟಿವಿಡೇಲ್ ದೇವಸ್ಥಾನದಲ್ಲಿ ಪ್ರಸಾದದ ಊಟಕ್ಕೆ ಕೂತಿದ್ದೆ. ಪರಿಚಯದ ಹಿರಿಯರೊಬ್ಬರು ಬಂದು ಒಂದು ಕಾಗದ ಮುಂದಿಟ್ಟರು. ತಮ್ಮ ಮುದಿ ತಾಯಿ ಮೈಸೂರಿನ ಸೈಟು ಮಾರುವ ಅಧಿಕಾರವನ್ನು ಮಗನಾದ ತಮಗೆ ಕೊಡುವ ಪತ್ರ. ತಾಯಿಯ ಸಹಿ ಆಗಲೇ ಬಿದ್ದಿತ್ತು. "ಅಮ್ಮನಿಗೆ ಮಂಡಿ ನೋವಮ್ಮ, ಮನೇಲೇ ಇದ್ದಾರೆ. ನಿಂಗೆ ಗೊತ್ತಲ್ಲ ಅವರು, ಒಂದು ಸಹಿ ಹಾಕಿಬಿಡು, ನಾಳೆ ನನ್ನ ಹುಡುಗ ಇದನ್ನ ತಗೊಂಡು ಇಂಡಿಯಾಕ್ಕೆ ಹೊರಡ್ತಿದ್ದಾನೆ" ಎಂದರು. ಆ ತಾಯಿಯ ಕೈಯಲ್ಲಿ ನಾನು ಎಷ್ಟು ಸಲ ಒಬ್ಬಟ್ಟು ತಿಂದಿದ್ದೆ! ಹಿರಿಯರು, ನಮ್ಮವರು, ದೇವಸ್ಥಾನ ಬೇರೆ. ಇಲ್ಲ ಎನ್ನಲು ನಾಲಗೆ ಏಳಲಿಲ್ಲ. ಎಡಗೈಯಲ್ಲಿ ಎಲೆ ಸರಿಸಿ, ಬಲಗೈ ತೊಳೆದುಬಂದು, 'ನನ್ನ ಸಮಕ್ಷಮದಲ್ಲಿ ಸಹಿ ಮಾಡಿದರು' ಎಂಬ ಸಾಲಿನ ಕೆಳಗೆ ನನ್ನ ಹೆಸರು ಬರೆದುಬಿಟ್ಟೆ. ಆಮೇಲೆ ಪಾಯಸಕ್ಕೆ ಕೂತೆ.

ಎರಡು ತಿಂಗಳ ನಂತರ ಕಾಗದ ಬಂತು. ಆ ತಾಯಿಗೆ ಲೀಡ್ಸ್‌ನಲ್ಲಿ ಒಬ್ಬ ಮಗಳು. ಅಮ್ಮ ಯಾವ ವಕೀಲೆಯ ಎದುರಿಗೂ ಸಹಿ ಮಾಡಿಲ್ಲ, ಅದು ಏನು ಕಾಗದ ಎಂದೇ ಅವರಿಗೆ ಗೊತ್ತಿಲ್ಲ ಎಂದು ಆಕೆ ದೂರು ಕೊಟ್ಟಿದ್ದಳು. ಸೈಟಿನ ಮಾರಾಟವೇನೋ ನಿಂತಿತು. ಆದರೆ ನನ್ನ ವಕೀಲಿಕೆ ಉಳಿಯುತ್ತದೋ ಹೋಗುತ್ತದೋ ಎಂಬುದು ಆಂಟಿಯ ಸಮಿತಿಯ ಮುಂದೆ ಹೋಯಿತು.

ಮನಸ್ಸು ಎಷ್ಟು ಕೆಟ್ಟದ್ದು ನೋಡಿ. ಕಾಗದ ಓದಿದ ಮರುಕ್ಷಣವೇ, ಅಬ್ಬ, ಆಂಟಿ ಇದ್ದಾರಲ್ಲ ಎಂದುಕೊಂಡೆ. ಬರಿಗೈಯಲ್ಲಿ ಹೋಗಬಾರದೆಂದು ಕೋಡುಬಳೆ ಕರಿದು, ಡಬ್ಬಿ ತುಂಬಿಸಿಕೊಂಡು ಅವರ ಬಾಗಿಲು ತಟ್ಟಿದೆ. ಆಂಟಿ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ.

"ಎಂತಕ್ಕೆ ಬಂದದ್ದು ಅಂತ ಗೊತ್ತುಂಟು. ಬಾಯಿ ಬಿಡ್ಬೇಡ. ನಿನ್ನ ಫೈಲು ನನ್ನ ಹತ್ರ ಬಂದಿತ್ತು, ಹೆಸರು ನೋಡಿದ ಕೂಡ್ಲೆ ವಾಪಸ್ ಕೊಟ್ಟೆ. ಇದು ಮುಗಿಯುವವರೆಗೆ ನೀನು ಇಲ್ಲಿಗೆ ಬರ್ಬೇಡ, ಫೋನೂ ಬೇಡ."

"ಬರೀ ಕೋಡುಬಳೆ ಆಂಟಿ..."

"ಅದೂ ಬೇಡ."

ಬಾಗಿಲು ಮುಚ್ಚಿತು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಲ್ಲಿ ವೈರಿ ಕೂಡ ಮನೆ ಬಾಗಿಲಿಗೆ ತಂದ ತಿಂಡಿಯನ್ನು ಹಾಗೆ ತಿರುಗಿಸಿ ಕಳಿಸುವುದಿಲ್ಲ. ಮನೆಗೆ ಬಂದು ಗಂಡನ ಮುಂದೆ ಬಾಯಿಗೆ ಬಂದ ಹಾಗೆ ಬೈದೆ: ಬಿಳಿಯರ ಮೇಜಿನಲ್ಲಿ ಒಂದು ಕುರ್ಚಿ ಸಿಕ್ಕ ಕೂಡಲೇ ಇಷ್ಟು ಸೊಕ್ಕೇ ಎಂದೆ. ಅವರು ಒಂದೊಂದೇ ಕೋಡುಬಳೆ ಮುರಿದು ತಿನ್ನುತ್ತಾ ಕೇಳಿಸಿಕೊಂಡರು, ಪಾಪ.

ಮಂಗಳವಾರ ಬಂತು. ಮಗಳ ಗತಿಯೇನು? ನರ್ಸರಿಗೆ ಫೋನ್ ಮಾಡಿದರೆ, ಡಾಕ್ಟರ್ ಅಂಕಲ್ ಬಂದು ಕರೆದುಕೊಂಡು ಹೋದರೆಂದು ಗೊತ್ತಾಯಿತು. ರಾತ್ರಿ ಮಗುವನ್ನು ಅವರೇ ತಂದು ಬಿಟ್ಟರು. ಮಗಳ ಬಾಯಲ್ಲಿ ಆಂಟಿಯ ತಿಳಿಸಾರಿನ ವಾಸನೆ. ಮುಂದಿನ ಮಂಗಳವಾರವೂ ಹಾಗೇ, ಅದರ ಮುಂದಿನದೂ... ಆಂಟಿ ಸಮಿತಿಯ ಕಾರ್ಯದರ್ಶಿಗೆ ಕಾಗದ ಬರೆದು, 'ಮಗು ಈ ದೂರಿನಲ್ಲಿ ಪಾರ್ಟಿಯಲ್ಲ, ನನ್ನ ಗಂಡ ಸಮಿತಿಯಲ್ಲಿಲ್ಲ, ಹಾಗಾಗಿ ಅವರು ಮಗುವನ್ನು ಕರೆತಂದು ಊಟ ಮಾಡಿಸಬಹುದೇ' ಎಂದು ಅಪ್ಪಣೆ ಪಡೆದಿದ್ದರಂತೆ! ಅಂಕಲ್ ಇದನ್ನು ಹೇಳಿದ್ದು ಎಷ್ಟೋ ಕಾಲದ ಮೇಲೆ, ಹೊಟ್ಟೆ ಹಿಡಿದುಕೊಂಡು ನಗುತ್ತಾ.

ಆದರೆ ಆ ದಿನಗಳಲ್ಲಿ ನನಗೆ ನಗು ಎಲ್ಲಿಂದ? ಸಮಿತಿಗೆ ಕೊಡಬೇಕಾದ ಉತ್ತರ ಮೇಜಿನ ಮೇಲಿತ್ತು. ನಾಲ್ಕು ಪುಟ ಬರೆದಿದ್ದೆ: ನಮ್ಮಲ್ಲಿ ಹಿರಿಯರಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ, ಆ ತಾಯಿಯ ಸಹಿ ನನಗೆ ಚೆನ್ನಾಗಿ ಗೊತ್ತು, ಎಲ್ಲರೂ ಹೀಗೇ ಮಾಡುತ್ತಾರೆ... ಆಂಟಿ ಒಳಗಿದ್ದು ಕೈ ಹಿಡಿಯುತ್ತಾರೆಂಬ ಧೈರ್ಯದಲ್ಲಿ ಬರೆದದ್ದು ಅದೆಲ್ಲ. ಈಗ ಓದಿದರೆ ಒಂದೊಂದು ಸಾಲೂ ಚಿಕ್ಕ ಮಗು ರಚ್ಚೆ ಹಿಡಿದ ಹಾಗಿತ್ತು. ಹರಿದುಹಾಕಿದೆ. 'ಅವರು ನನ್ನ ಎದುರು ಸಹಿ ಮಾಡಲಿಲ್ಲ. ಮಾಡಿದರೆಂದು ನಾನು ಬರೆದದ್ದು ಸುಳ್ಳು. ಆ ತಾಯಿಯನ್ನು ನಾನು ಕೇಳಬೇಕಿತ್ತು, ಕೇಳಲಿಲ್ಲ' ಎಂದು ಮೂರೇ ಸಾಲು ಬರೆದು ಕಳಿಸಿದೆ.

ವಿಚಾರಣೆಯ ದಿನ ಕೋರ್ಟಿನ ಕಟ್ಟಡದ ಒಂದು ಕೋಣೆ, ಉದ್ದ ಮೇಜು. ಅಷ್ಟೂ ಮಂದಿ ಬಿಳಿಯರ ಮಧ್ಯೆ ಕಾಟನ್ ಸೀರೆಯ ಮೇಲೆ ಕಾರ್ಡಿಗನ್ ಹಾಕಿಕೊಂಡ ಆಂಟಿ. ಫೈಲು ವಾಪಸ್ ಕೊಟ್ಟಿದ್ದರೂ ಎಲ್ಲರೆದುರು ಬಾಯಿಬಿಟ್ಟು ಹೇಳಿ ಬರೆಸಬೇಕೆಂಬುದು ಅಲ್ಲಿನ ಕ್ರಮ. ದೂರಿಗೆ ಸಂಬಂಧಪಟ್ಟವರು ಯಾರಿಗಾದರೂ ಗೊತ್ತೇ ಎಂದು ಅಧ್ಯಕ್ಷರು ಕೇಳಿದರು. ಆಂಟಿ ಎದ್ದು ನಿಂತು ಇಂಗ್ಲಿಷಿನಲ್ಲಿ, ಈ ಹುಡುಗಿ ನನಗೆ ಗೊತ್ತು, ಇವಳ ಮಗಳು ಮಂಗಳವಾರ ನನ್ನ ಮಡಿಲಲ್ಲಿ ನಿದ್ದೆ ಮಾಡುತ್ತಾಳೆ, ನಾನಿಲ್ಲಿ ಕೂರುವುದು ಸರಿಯಲ್ಲ ಎಂದು ಹೇಳಿ, ಬ್ಯಾಗ್ ಎತ್ತಿಕೊಂಡು ಹೊರಗೆ ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿವರೆಗೂ ತಡೆದುಕೊಂಡಿದ್ದ ಅಳು ನನಗೆ ಆಗ ಬಂತು.

ಲೈಸೆನ್ಸ್ ಉಳಿಯಿತು. ಛೀಮಾರಿ ಹಾಕಿ, ಒಂದು ವರ್ಷ ಹಿರಿಯ ವಕೀಲರೊಬ್ಬರ ಕಣ್ಗಾವಲಲ್ಲಿ ಕೆಲಸ ಮಾಡಬೇಕೆಂದರು. ನೆಪ ಹೇಳದೆ ಒಪ್ಪಿಕೊಂಡದ್ದೇ ನನ್ನನ್ನು ಕಾಪಾಡಿತೆಂದು ತೀರ್ಮಾನದಲ್ಲಿ ಬರೆದಿತ್ತು. ಅದು ಕೈಗೆ ಬಂದ ಸಂಜೆಯೇ ಆಂಟಿ ನಮ್ಮ ಮನೆಗೆ ಬಂದರು. "ಮುಗೀತಲ್ಲ. ಎಂತ ಮಾಡಿದ್ದಿ? ಹಸಿವಾಗ್ತಾ ಉಂಟು" ಎಂದು ನೇರ ಊಟಕ್ಕೇ ಕೂತರು. ಬಡಿಸುತ್ತಾ ಬಡಿಸುತ್ತಾ ನನಗೆ ತಡೆಯಲಾಗಲಿಲ್ಲ. ಒಳಗೆ ಕೂತಿದ್ದರೆ ನನ್ನ ಪರ ಮಾತಾಡುತ್ತಿದ್ದಿರಾ ಎಂದು ಕೇಳಿಯೇಬಿಟ್ಟೆ.

"ಇಲ್ಲ ಮಾರಾಯ್ತಿ, ಲೈಸೆನ್ಸ್ ತೆಗೀರಿ ಅಂತಿದ್ದೆ. ಆ ಮೇಜಿನಲ್ಲಿ ನಾನೊಬ್ಳೇ ಇಂಡಿಯಾದವಳು. ತನ್ನವಳು ಅಂತ ಬಿಟ್ಲು ಅಂತ ಅವ್ರು ಹೇಳಿದ್ರೆ ಅಂತ ಹೆದ್ರಿ, ನಿಂಗೆ ಶಿಕ್ಷೆ ಜಾಸ್ತಿಯೇ ಹಾಕ್ತಿದ್ದೆ. ನನ್ನ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ. ಅದಕ್ಕೇ ಎದ್ದು ಹೋದದ್ದು. ಸ್ವಲ್ಪ ಮಜ್ಜಿಗೆ ಹಾಕು."

ನನ್ನನ್ನು ಕೈಬಿಟ್ಟರೆಂದು ನಾನು ತಿಂಗಳುಗಟ್ಟಲೆ ಬೈದುಕೊಂಡಿದ್ದೆ. ಅವರು ನನ್ನನ್ನು ಕಾಪಾಡಿದ್ದು ತಮ್ಮದೇ ಕೈಗೆ ಸಿಗದ ಹಾಗೆ.

ಆ ದಶಕ ಮುಗಿಯುತ್ತಾ ಬಂದಾಗ ಆಂಟಿ ಹಾಸಿಗೆ ಹಿಡಿದರು. ತಮಗೆ ಪ್ರಜ್ಞೆ ತಪ್ಪಿದರೆ ತಮ್ಮ ಪರವಾಗಿ ನಿರ್ಧಾರ ಮಾಡುವ ಅಧಿಕಾರವನ್ನು ಮಗಳಿಗೆ ಕೊಡುವ ಪತ್ರ ಮಾಡಿಸಬೇಕಿತ್ತು. ಅವರು ಓದಿ ತಿಳಿದೇ ಸಹಿ ಮಾಡಿದರು ಎಂದು ಚೆನ್ನಾಗಿ ಬಲ್ಲವರೊಬ್ಬರು ಬರೆದುಕೊಡಬೇಕು. ಶೆಫೀಲ್ಡ್‌ನಲ್ಲಿ ಡಾಕ್ಟರಾಗಿದ್ದ ಅವರ ಮಗಳು ಫೋನ್ ಮಾಡಿ, "ಅಮ್ಮ ಸೇಸ್ ಓನ್ಲಿ ಯೂ" ಎಂದಳು. ಬರ್ಮಿಂಗ್‌ಹ್ಯಾಮ್ ತುಂಬ ವಕೀಲರು. ಸಹಿಯ ವಿಷಯದಲ್ಲಿ ಒಮ್ಮೆ ಸುಳ್ಳು ಬರೆದವಳು ಎಂದು ಅವರಿಗೆ ಖಚಿತವಾಗಿ ಗೊತ್ತಿದ್ದವಳು ನಾನು... ನನ್ನನ್ನೇ ಕರೆಸಿದರು.

ಆಸ್ಪತ್ರೆಯಲ್ಲಿ ಅವರ ಮಗಳನ್ನೂ ಅಂಕಲ್‌ರನ್ನೂ ಹೊರಗೆ ಕಳಿಸಿ ಪರದೆ ಎಳೆದೆ. ಆಂಟಿಯ ಕಣ್ಣಲ್ಲಿ ಹಳೆಯ ತುಂಟತನ. "ನನ್ನನ್ನೂ ಹೊರಗೆ ಕಳಿಸ್ತಿಯಾ ಎಂತ?" ಎಂದರು. ಒಂದೊಂದು ಸಾಲನ್ನೂ ಓದಿ ಹೇಳಿದೆ. ಪ್ರಶ್ನೆ ಕೇಳಿದೆ, ಉತ್ತರ ಕೇಳಿಸಿಕೊಂಡೆ. ಅವರಿಗೆ ತಮ್ಮ ಹೆಸರು ಬರೆಯಲು ಬಹಳ ಹೊತ್ತು ಹಿಡಿಯಿತು. ಮೊದಲ ಅಕ್ಷರದಿಂದ ಕೊನೆಯದರವರೆಗೆ ಕಣ್ಣು ಕೀಳದೆ ನೋಡಿದೆ. ನಂತರ ನನ್ನ ಸಹಿ ಹಾಕಿದೆ. ಇಷ್ಟು ವರ್ಷದ ಋಣವನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿಬಿಡೋಣವೆಂದು, "ಆಂಟಿ, ಅವತ್ತು ನೀವು..." ಎಂದು ಶುರುಮಾಡಿದೆ.

"ಮೊದ್ಲು ತಾರೀಕು ಹಾಕು ಮಾರಾಯ್ತಿ."

ತಾರೀಕು ಹಾಕಿ ತಲೆ ಎತ್ತುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು. ಸುಸ್ತಾಗಿದ್ದಾರೆ, ನಾಳೆ ಹೇಳಿದರಾಯಿತೆಂದು ಹೊದಿಕೆ ಸರಿಮಾಡಿ ಬಂದೆ. ಮಾರನೆಯ ದಿನ ಅವರಿಗೆ ಎಚ್ಚರವಾಗಲಿಲ್ಲ, ಅದರ ಮಾರನೆಯ ದಿನ ಆಂಟಿ ಇರಲಿಲ್ಲ. ಇಷ್ಟು ವರ್ಷವಾಯಿತು, ಈಗಲೂ ಅನ್ನಿಸುತ್ತದೆ... ಬೈಸಿಕೊಂಡರೂ ಸರಿ, ಎಬ್ಬಿಸಿ ಹೇಳಬೇಕಿತ್ತು.