ಆರ್ಕಿಡ್ ಕೊಡಲು ಬಂದವರು

ಸ್ನೇಹಿತರೇ, ಇವತ್ತು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಕ್ಯಾನಿಂಗ್ ವೇಲ್ ಬಡಾವಣೆಯ ನಮ್ಮ ಮನೆಯಲ್ಲಿ ಗಂಡಿನ ಮನೆ ನೋಡುವ ಶಾಸ್ತ್ರ ನಡೆಯಿತು. ಗಂಡು ನಾನು. ಹೆಣ್ಣು ಒಂದು ಅಪರೂಪದ ಆರ್ಕಿಡ್. ಅದನ್ನು ಬೆಳೆಸಿದ ಕೆವಿನ್ ಎಂಬ ಅಜ್ಜ, ಮನೆ ನೋಡದೆ ಗಿಡ ಮಾರುವವನಲ್ಲ.

ನನ್ನ ಹೆಂಡತಿ ಸುಮಾ ಪದ್ಧತಿಯಂತೆ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಕೆವಿನ್ ಎರಡನ್ನೂ ಖಾಲಿ ಮಾಡಿ, ಯಾವ ಕಿಟಕಿಗೆ ಎಷ್ಟು ಬಿಸಿಲು, ನಾವು ಬೆಂಗಳೂರಿಗೆ ಹೋದಾಗ ನೀರು ಹಾಕುವವರು ಯಾರು ಎಂದೆಲ್ಲ ವಿಚಾರಿಸಿದ. ಮದುವೆಗೆ ಮುಂಚೆ ನಮ್ಮ ಮಾವನೂ ನನ್ನನ್ನು ಇಷ್ಟು ಕೇಳಿರಲಿಲ್ಲ.

ಎಲ್ಲ ಒಪ್ಪಿಗೆಯಾಯಿತು. ಆದರೆ ಹೊರಡುವಾಗ ಹಿತ್ತಲಲ್ಲಿದ್ದ ಸುಮಾಳ ಕರಿಬೇವಿನ ಗಿಡದ ಮುಂದೆ ಆತ ನಿಂತುಬಿಟ್ಟ. ಪರ್ತ್‌ನ ಚಳಿಯಲ್ಲಿ ನನ್ನ ಸ್ವೆಟರ್ ಹೊದಿಸಿ ಅವಳು ಬದುಕಿಸಿಕೊಂಡ ಗಿಡ ಅದು.

"ದುಡ್ಡು ಬೇಡ ಮೇಟ್. ಇದನ್ನ ಕೊಡಿ, ಆರ್ಕಿಡ್ ಇಟ್ಕೊಳ್ಳಿ," ಎಂದ.

ನಾನು ಹೂಂ ಅನ್ನುವಷ್ಟರಲ್ಲಿ ಸುಮಾ ಕನ್ನಡದಲ್ಲಿ ಕೇಳಿದಳು, "ರೀ, ಆ ಹೂವನ್ನ ಒಗ್ಗರಣೆಗೆ ಹಾಕಕ್ಕಾಗತ್ತಾ?"

"ಇಲ್ಲ ಕಣೇ, ಆದ್ರೆ ಅದು ಎಷ್ಟು ಅಪರೂಪ ಗೊತ್ತಾ..."

"ಈ ಊರಲ್ಲಿ ಇಷ್ಟುದ್ದ ಬೆಳೆದ ಕರಿಬೇವು ಇನ್ನೆಲ್ಲಿದೆ ತೋರಿಸಿ ನೋಡೋಣ."

ಅವಳು ಕೆವಿನ್ ಕಡೆ ತಿರುಗಿ, ನಗುನಗುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು, "ಯೋಚ್ನೆ ಮಾಡಿ ತಿಳಿಸ್ತೀವಿ."

ಅದರ ಅರ್ಥ ನಿಮಗೆಲ್ಲ ಗೊತ್ತು. ಕೆವಿನ್‌ಗೆ ಗೊತ್ತಿಲ್ಲ. ಕರಿಬೇವಿಗೆಂದು ಹೊಸ ಕುಂಡ ತಂದಿಟ್ಟು, ಪಾಪ, ಈಗಷ್ಟೇ ಫೋಟೊ ಕಳಿಸಿದ್ದಾನೆ.