ಬೇವಿನ ಗಾಣಕ್ಕೆ ಬಿದ್ದ ಬೀಗ

ಕೊಟ್ಟೂರಿನ ಅಬ್ದುಲ್ ಮಜೀದರು ಯಾವ ತಪ್ಪನ್ನೂ ಮಾಡದೆ ಪೊಲೀಸ್ ಠಾಣೆಗೆ ಶರಣಾಗಲು ಹೋದದ್ದು ಎರಡು ಸಾವಿರನೇ ಇಸವಿಯ ಬೇಸಿಗೆಯಲ್ಲಿ. ಒಗೆದ ಅಂಗಿ ತೊಟ್ಟು, ತಲೆಗೆ ಟೋಪಿ ಇಟ್ಟು, ಸಾಕ್ಷಿಗಿರಲೆಂದು ಒಂದು ಬಾಟಲಿ ಬೇವಿನೆಣ್ಣೆಯನ್ನು ಕೈಚೀಲದಲ್ಲಿ ಹಿಡಿದು ಹೊರಟಿದ್ದರು.

ದಫೇದಾರ್ ಪಂಚಾಕ್ಷರಪ್ಪ ಠಾಣೆಯ ಹಿತ್ತಲಿನ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದರು. ಬಾಯಲ್ಲಿ ಬೇವಿನ ಕಡ್ಡಿ ಇತ್ತು.

“ಏನ್ ಮಜೀದಣ್ಣಾ, ಇಷ್ಟು ಹೊತ್ತಿಗೇ ಬಂದಿ? ಯಾರರ ಹೊಡದ್ರೇನು?”

“ಇಲ್ರಿ ಸಾಹೇಬ್ರ. ನಾನು ಬೇವಿನ ಎಣ್ಣಿ ತಗೀತೀನ್ರಿ.”

“ಅದು ಊರಿಗೇ ಗೊತ್ತೈತಿ.”

“ಬೇವು ಈಗ ಅಮೆರಿಕದವರದಂತ್ರಿ. ಪೇಟೆಂಟ್ ಅಂತ ಮಾಡಿಸ್ಕೊಂಡಾರಂತ. ಕೇಸು ಬೀಳೋಕಿಂತ ಮೊದ್ಲ ನಾನಾ ಹೇಳಿಬಿಟ್ರ ಚಲೋ ಅಂತ ಬಂದೆ.”

ಪಂಚಾಕ್ಷರಪ್ಪ ಬಾಯಿಂದ ಕಡ್ಡಿ ತೆಗೆದು ಅದನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. “ಹಂಗಾರ ನನ್ನೂ ನಿನ್ನ ಜೋಡಿ ಒಳಗ ಹಾಕ್ಬೇಕಲ್ಲೋ ಮಾರಾಯ! ಏನೂ ಆಗಂಗಿಲ್ಲ, ನಡಿ ಮನಿಗೆ.”

ನಕ್ಕರೇನೋ ಹೌದು. ಆದರೆ ಕಡ್ಡಿಯನ್ನು ಮತ್ತೆ ಬಾಯಿಗೆ ಇಟ್ಟುಕೊಳ್ಳಲಿಲ್ಲ, ಮೆಲ್ಲನೆ ಕಾಂಪೌಂಡಿನ ಆಚೆಗೆ ಎಸೆದರು. ಮಜೀದರು ಕಂಡದ್ದು ಅದೊಂದನ್ನೇ. ಪೊಲೀಸಿನವರೇ ಹೀಗೆ ಹೆದರಿದ ಮೇಲೆ ತನ್ನಂಥವನ ಪಾಡೇನು? ಮನೆಗೆ ಬಂದವರೇ ಗಾಣದ ಕೋಣೆಗೆ ಬೀಗ ಜಡಿದರು.

ಈ ಹೆದರಿಕೆ ಎಲ್ಲಿಂದಲೋ ಹಾರಿ ಬಂದದ್ದಲ್ಲ. ಮಜೀದರು ಹರೆಯದಿಂದಲೂ ಊರಿನ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು. ಯಂತ್ರದ ಸದ್ದು ಕೇಳಿಯೇ ಅದರ ಹೊಟ್ಟೆನೋವು ಎಲ್ಲಿದೆಯೆಂದು ಹೇಳುತ್ತಿದ್ದರು. ಒಂದು ವರ್ಷ, ಮಲೇಶಿಯಾದಿಂದ ಪಾಮ್ ಎಣ್ಣೆ ಬರುತ್ತಿದೆಯಂತೆ, ಸರ್ಕಾರ ಬಾಗಿಲು ತೆರೆದಿದೆಯಂತೆ ಎಂಬ ಮಾತು ಮಿಲ್ಲಿನ ಅಂಗಳಕ್ಕೆ ಬಂತು. ಆಗಲೂ ಎಲ್ಲರೂ “ಏನೂ ಆಗಂಗಿಲ್ಲ” ಅಂದಿದ್ದರು. ಎಲ್ಲಿಯ ಮಲೇಶಿಯಾ, ಎಲ್ಲಿಯ ಕೊಟ್ಟೂರು! ಕೆಲವೇ ವರ್ಷಗಳಲ್ಲಿ ಅಂಗಡಿ ಅಂಗಡಿಯಲ್ಲೂ ಅಗ್ಗದ ಎಣ್ಣೆಯ ಪ್ಯಾಕೆಟ್ಟುಗಳು ತೂಗಾಡಿದವು. ಮಿಲ್ಲು ಉಸಿರು ನಿಲ್ಲಿಸಿತು. ಗುಜರಿಗೆ ಹೋಗಲಿದ್ದ ಸಣ್ಣ ಗಾಣದ ಯಂತ್ರವೊಂದನ್ನು ಮಜೀದರು ಕೊಂಡು ತಂದು, ಮನೆಯ ಪಕ್ಕದ ಕೋಣೆಯಲ್ಲಿ ನಿಲ್ಲಿಸಿ, ಬೇವಿನ ಬೀಜ ಅರೆಯತೊಡಗಿದರು. ಎಣ್ಣೆ ಕುರಿಯ ಗಾಯಕ್ಕೆ, ಬೆಳೆಯ ಹುಳಕ್ಕೆ; ಅರೆದು ಉಳಿದ ಹಿಂಡಿ ಹೊಲದ ಗೊಬ್ಬರಕ್ಕೆ. ಇಷ್ಟು ಕಹಿಯಾದದ್ದನ್ನು ಯಾವ ದೇಶದವರೂ ಹಡಗಿನಲ್ಲಿ ತುಂಬಿ ಕಳಿಸಲಾರರು ಎಂಬ ಧೈರ್ಯ ಅವರಿಗಿತ್ತು.

ಆ ಧೈರ್ಯವನ್ನು ಒಂದೇ ಸಂಜೆಯಲ್ಲಿ ಕರಗಿಸಿದವರು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಕೊಟ್ರಸ್ವಾಮಿ. ಯುಗಾದಿ ಕಳೆದ ಮೇಲೆ ನಡೆದ ರೈತರ ಸಭೆಯಲ್ಲಿ ಮೈಕು ಹಿಡಿದು, “ಬೇವಿನ ಮ್ಯಾಲ ಅಮೆರಿಕದವರು ಪೇಟೆಂಟ್ ತಗೊಂಡಾರ! ನಾಳೆ ನಿಮ್ಮ ಹಿತ್ತಲ ಗಿಡಾ ಮುಟ್ಟಾಕೂ ಅವರ ಅಪ್ಪಣಿ ಬೇಕಾಗ್ತೈತಿ!” ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿ ಮಿರ್ಚಿ ಮಂಡಕ್ಕಿ ತಿನ್ನಲು ಹೋದರು. ಆ ಮಾತನ್ನು ಪೂರ್ತಿ ನಂಬಿ ಮನೆಗೆ ಬಂದವರು ಮಜೀದರೊಬ್ಬರೇ.

ಬೀಗ ನೋಡಿ ಹೆಂಡತಿ ಬಾನು ಬೀ ಸೊಂಟಕ್ಕೆ ಕೈಯಿಟ್ಟರು. “ಅಮೆರಿಕದವರು ನಮ್ಮ ಓಣಿ ಹುಡುಕ್ಕೊಂಡು ಬರ್ತಾರೇನ್ರಿ? ಪೋಸ್ಟ್‌ಮ್ಯಾನೇ ದಾರಿ ತಪ್ತಾನ.”

“ಮಲೇಶಿಯಾದವರು ಓಣಿ ಕೇಳ್ಕೊಂಡು ಬಂದಿದ್ರೇನು?” ಎಂದರು ಮಜೀದರು.

ಬೀಜ ಆರಿಸಿ ಕೊಡುತ್ತಿದ್ದವರು ಹೊಸಹಳ್ಳಿಯ ಪಾಲಮ್ಮ ಮತ್ತು ಅವಳ ಓಣಿಯ ಹೆಂಗಸರು. ಬೇವಿನ ಹಣ್ಣು ಉದುರುವುದು ಮುಂಗಾರಿನ ಬಾಗಿಲಲ್ಲಿ. ಆ ಸ್ವಲ್ಪ ಕಾಲದಲ್ಲಿ ಬಳಿದು, ತಿರುಳು ತೊಳೆದು, ಒಣಗಿಸಿಟ್ಟರೆ ವರ್ಷವಿಡೀ ಗಾಣಕ್ಕೆ ಮೇವು. ಮಳೆಗೆ ಸಿಕ್ಕು ಬೂಸಲು ಹಿಡಿದರೆ ಮುಗಿಯಿತು, ಮುಂದಿನ ವರ್ಷದ ತನಕ ಕಾಯಬೇಕು. ಸಂತೆಗೆ ಬಂದಿದ್ದ ಪಾಲಮ್ಮನಿಗೆ ಮಜೀದರು, “ಯಕ್ಕಾ, ಈ ವರ್ಷ ಆರಿಸಬ್ಯಾಡ್ರಿ. ನಿಮ್ಮ ಮ್ಯಾಲೂ ಕೇಸು ಬಂದೀತು” ಅಂದರು. ಪಾಲಮ್ಮ ಮಜೀದರ ಮುಖವನ್ನು ಜ್ವರ ಬಂದವರ ಮುಖ ನೋಡುವ ಹಾಗೆ ನೋಡಿ, “ಆತ್ ಬಿಡ್ರಿ” ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಇನ್ನೊಂದು ಕೆಲಸವನ್ನೂ ಮಜೀದರು ಮಾಡಿದರು. ಮನೆಗೆ ಪೇಪರ್ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಲೋಕದ ಸುದ್ದಿ ತಿಳಿದರೆ ತಾನೇ ಹೆದರಿಕೆ?

ಹೀಗೆ ಮೇ ತಿಂಗಳು ಕಳೆಯಿತು. ಜೂನ್ ತಿಂಗಳ ಒಂದು ಮುಂಜಾನೆ ಕೊಟ್ರಸ್ವಾಮಿ ತಮ್ಮ ಈರುಳ್ಳಿ ಹೊಲಕ್ಕೆ ಹಿಂಡಿ ಬೇಕೆಂದು ಸ್ಕೂಟರಿನಲ್ಲಿ ಬಂದರು. ಬೀಗ ಕಂಡು, “ಯಾಕ್ರಿ ಮಜೀದ್ ಸಾಬ್ರ, ಊರಿಗೇನಾರ ಹೋಗಿದ್ರೇನು?” ಅಂದರು.

“ನೀವಾ ಹೇಳಿದ್ರಲ್ರಿ ಸರ, ಮುಟ್ಟಾಕ ಅಪ್ಪಣಿ ಬೇಕು ಅಂತ.”

ಕೊಟ್ರಸ್ವಾಮಿಗೆ ತಮ್ಮ ಭಾಷಣವೇ ಮರೆತುಹೋಗಿತ್ತು. ನೆನಪಾದಾಗ ಅವರ ಕಿವಿ ಕೆಂಪಾಯಿತು. ಸ್ಕೂಟರ್ ನಿಲ್ಲಿಸಿ, ಕಟ್ಟೆಯ ಮೇಲೆ ಮಜೀದರ ಪಕ್ಕ ಕುಳಿತರು.

“ಅಯ್ಯೋ ಸಾಬ್ರ, ಅದು ಮಂದಿ ಎಚ್ಚರ ಆಗ್ಲಿ ಅಂತ ಏರುದನಿಯೊಳಗ ಹೇಳಿದ್ದು. ಅಮೆರಿಕದವರು ಆ ಪೇಟೆಂಟ್ ತಗೊಂಡಿದ್ದು ಯುರೋಪಿನೊಳಗ, ಬೇವಿನೆಣ್ಣಿಯಿಂದ ಬೆಳಿಗೆ ಹೊಡಿಯೋ ಒಂದು ಔಷಧ ಮಾಡೋ ರೀತಿ ಮ್ಯಾಲ. ನಿಮ್ಮ ಗಾಣಕ್ಕ ಅದು ಎಂದೂ ತಾಕ್ತಿರಲಿಲ್ಲ. ಅದೂ ಹೋದ ತಿಂಗಳ ರದ್ದಾತು! ನಮ್ಮ ದೇಶದವರು ಹೋಗಿ ವಾದ ಮಾಡಿದ್ರು. ಬೇವಿನ ಗುಣಾ ಇಲ್ಲಿಯವರಿಗೆ ಮೊದಲಿಂದ್ಲೂ ಗೊತ್ತೈತಿ, ಇದರಾಗ ಹೊಸಾದು ಏನೂ ಇಲ್ಲ ಅಂತ ಜರ್ಮನಿಯೊಳಗಿನ ಪೇಟೆಂಟ್ ಕಚೇರಿಯವರು ತೆಗೆದು ಹಾಕ್ಯಾರ. ಪೇಪರಿನಾಗ ಬಂದಿತ್ತಲ್ಲ, ಓದಲಿಲ್ಲೇನು?”

“ಪೇಪರ್ ಬಿಡಿಸಿಬಿಟ್ಟೀನ್ರಿ” ಎಂದರು ಮಜೀದರು. ಒಳಗಿಂದ ಬಾನು ಬೀ ನಕ್ಕದ್ದು ಇಬ್ಬರಿಗೂ ಕೇಳಿಸಿತು.

ಎದೆಯ ಮೇಲಿಂದ ಯಾರೋ ಬೀಸುಕಲ್ಲು ಇಳಿಸಿದಂತಾಯಿತು ಮಜೀದರಿಗೆ. ಎಷ್ಟೋ ದಿನಗಳ ಮೇಲೆ ಗಾಳಿ ಹೊಟ್ಟೆಯ ತನಕ ಇಳಿಯಿತು. ಮರುಗಳಿಗೆಗೇ ಎದ್ದು ನಿಂತರು. ಹಣ್ಣು ಉದುರುವ ಕಾಲ! ಆರಿಸಬೇಡಿರೆಂದು ಹೇಳಿದವರು ಅವರೇ. ಗಾಣ ಬಿಡುಗಡೆಯಾಗಿದೆ, ಅರೆಯಲು ಬೀಜವೇ ಇಲ್ಲ.

ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಹೊಸಹಳ್ಳಿಗೆ ಹೊರಟರು. ರಸ್ತೆಯ ಉದ್ದಕ್ಕೂ ಬೇವಿನ ಗಿಡಗಳು. ಕೆಳಗೆ ಹಳದಿ ಹಣ್ಣು ಹಾಸಿಗೆಯಂತೆ ಬಿದ್ದಿತ್ತು, ಬಸ್ಸಿನ ಗಾಲಿ ಅದನ್ನೇ ತುಳಿದುಕೊಂಡು ಹೋಗುತ್ತಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಪಾಲಮ್ಮ ಮನೆಯಲ್ಲಿ ಇರುತ್ತಾಳೋ, ಹೆಂಗಸರನ್ನು ಕಟ್ಟಿಕೊಂಡು ಕಾಲುವೆ ಸೀಮೆಗೆ ಕೂಲಿಗೆ ಹೋಗಿಬಿಟ್ಟಿದ್ದಾಳೋ ಎಂದು ಮಜೀದರ ಮನಸ್ಸು ಬಸ್ಸಿಗಿಂತ ಮುಂದೆ ಓಡುತ್ತಿತ್ತು.

ಪಾಲಮ್ಮನ ಅಂಗಳದ ಮುಂದೆ ಅವರ ಕಾಲು ತಾನಾಗಿ ನಿಂತಿತು. ಅಂಗಳದ ತುಂಬ ಬೀಜ ಒಣಗುತ್ತಿತ್ತು. ಪಡಸಾಲೆಯಲ್ಲಿ ಬಾಯಿ ಹೊಲಿದ ಚೀಲಗಳು ಗೋಡೆಗೆ ಒರಗಿ ಕುಳಿತಿದ್ದವು.

“ಬರ್ರಿ ಸಾಬ್ರ. ಜ್ವರಾ ಬಿಡ್ತೇನು?” ಎಂದಳು ಪಾಲಮ್ಮ.

“ಬ್ಯಾಡ ಅಂದಿದ್ದೆ ಅಲ್ರಿ ಯಕ್ಕಾ...”

“ನಿಮಗ ಬ್ಯಾಡಾದ್ರ ದುರ್ಗದ ಯಾಪಾರಸ್ಥ ಒಯ್ತಾನ ಅಂತ ಆರಿಸಿದ್ವಿ. ಅಮೆರಿಕದವರು ಬಂದಿದ್ರ ಅವರಿಗೂ ಮಾರತಿದ್ವಿ. ಬಗ್ಗಿ ಆರಿಸಾಕ ಅವರೇನು ಬರ್ತಿದ್ರೇನು?”

“ದುರ್ಗದವ ಬಂದಿದ್ದನಾ?” ಮಜೀದರ ದನಿ ಸಣ್ಣದಾಯಿತು.

“ಬಂದಿದ್ದ. ಚೀಲಕ್ಕ ಕೈ ಹಾಕಿ, ಮಣ್ಣು ಬೆರಿಸೀರಿ ಅಂದ. ಇಷ್ಟು ವರ್ಷ ಕೊಟ್ಟೂರು ಸಾಬ್ರು ಆ ಮಾತು ಅಂದಿಲ್ಲ, ನೀ ಯಾವನೋ ಅಂತ ಅಟ್ಟಿಬಿಟ್ಟೆ. ಆಮ್ಯಾಲ ನನಗಾ ಹೆದರಿಕಿ ಹತ್ತಿತ್ತು ನೋಡ್ರಿ, ನೀವು ಬರ್ದಿದ್ರ ಇದನ್ನೆಲ್ಲಾ ನಾನಾ ಅರದು ಕುಡೀಬೇಕಾಗಿತ್ತು!”

ಮಜೀದರು ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ತಣ್ಣನೆಯ ಗಾಳಿ ಬೀಸಿತು, ದೂರದ ಹೊಲಗಳ ಮೇಲೆ ಮಳೆ ಪರದೆಯಂತೆ ಇಳಿಯುವುದು ಕಂಡಿತು. ಪಾಲಮ್ಮ ಓಣಿಗೆಲ್ಲ ಕೇಳುವಂತೆ ಕೂಗು ಹಾಕಿದಳು. ಹೆಂಗಸರು ಪೊರಕೆ, ಮೊರ ಹಿಡಿದು ಓಡಿ ಬಂದರು. ಮಜೀದರೂ ಟೋಪಿ ಜೇಬಿಗಿಟ್ಟು, ಲುಂಗಿ ಮೇಲೆ ಕಟ್ಟಿ, ಅಂಗಳಕ್ಕಿಳಿದು ಎರಡೂ ಕೈಯಿಂದ ಬೀಜ ಬಳಿಯತೊಡಗಿದರು.

“ಮೆಲ್ಲಕ್ರಿ ಸಾಬ್ರ, ಈಗ ನೀವಾ ಮಣ್ಣು ಬೆರಿಸಾಕ ಹತ್ತೀರಿ!” ಎಂದು ಪಾಲಮ್ಮ ಗದರಿದಳು.

ಮೊದಲ ಹನಿ ನೆಲಕ್ಕೆ ಬಿದ್ದಾಗ ಅಂಗಳದಲ್ಲಿ ಒಂದು ಬೀಜವೂ ಉಳಿದಿರಲಿಲ್ಲ. ಪಡಸಾಲೆಯಲ್ಲಿ, ತುಂಬಿದ ಚೀಲಗಳ ನಡುವೆ, ಏದುಸಿರು ಬಿಡುತ್ತ ಎಲ್ಲರೂ ಮಳೆ ನೋಡುತ್ತ ನಿಂತರು.