ಅಕ್ಕ ಕೂತ ಸ್ಟೂಲು

ನಿವೃತ್ತ ಮೇಷ್ಟ್ರೊಬ್ಬರು ಮಗಳ ಮದುವೆಯ ಆಮಂತ್ರಣ ಮಾಡಿಸಲು ಪ್ರೆಸ್ಸಿಗೆ ಹೋದಾಗ ಅಲ್ಲಿ ಒಬ್ಬ ಹುಡುಗಿಯನ್ನು ಕಂಡರು. ದರ್ಜಿಯೊಬ್ಬರ ಹಿರಿಮಗಳು, ಡಿಸೈನ್ ಓದಿದವಳು, ಮೂಲೆಯ ಸ್ಟೂಲಿನ ಮೇಲೆ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಹೂವು ಇನ್ನೂ ದಪ್ಪ ಮಾಡಮ್ಮ, ಕೊಟ್ಟ ದುಡ್ಡಿಗೆ ಕಾಣಬೇಡ್ವಾ?" ಎಂದು ಪಕ್ಕದಲ್ಲಿದ್ದ ಗಿರಾಕಿ ಹೇಳುತ್ತಿದ್ದ. ಅವಳು ಪರದೆಯ ಮೇಲೆ ಕಾರ್ಡಿನ ಹೂವನ್ನು ಊದಿಸುತ್ತಿದ್ದಳು.

ಮನೆಯವರ ಪಾಲಿಗೆ ಮಾತ್ರ ಅವಳು ದೊಡ್ಡ ಕಂಪನಿಯ ಡಿಸೈನರ್. ಅವಳ ಓದಿಗಾಗಿ ಅಪ್ಪ ಎರಡು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ಮಾರಿದ್ದರು. ನಿಜ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ಒಂದು ಸಂಜೆ ತಮ್ಮ ಕೇಳಿದ: "ಅಕ್ಕಾ, ನಾನೂ ನಿನ್ನ ಕಾಲೇಜಿಗೇ ಸೇರ್ತೀನಿ. ಉಳಿದಿರೋ ಮಿಷನ್ನೂ ಮಾರ್ತಾರಂತೆ ಅಪ್ಪ. ನಿನ್ನ ಹಾಗೇ ದೊಡ್ಡ ಕೆಲಸ ಸಿಗುತ್ತೆ ಅಲ್ವಾ?"

ಅವಳ ಮುಖ ಹುಳ್ಳಗಾಯಿತು. ಮರುದಿನ ಅಪ್ಪ, ತಮ್ಮ ಇಬ್ಬರನ್ನೂ ಪ್ರೆಸ್ಸಿಗೆ ಕರೆತಂದು, "ಇದೇ ಅಪ್ಪಾ ನನ್ನ ಕಂಪನಿ" ಎಂದು ಸ್ಟೂಲು ತೋರಿಸಿ ತಲೆ ತಗ್ಗಿಸಿದಳು.

ಅಪ್ಪ ಸ್ಟೂಲನ್ನು ಒಮ್ಮೆ ಅಲುಗಾಡಿಸಿ ನೋಡಿದರು. "ಸ್ಟೂಲಿಗೆ ಯಾಕಮ್ಮ ನಾಚ್ಕೋತೀಯಾ? ಇಷ್ಟು ದಿನ ಸುಳ್ಳು ಹೇಳಿದ್ಯಲ್ಲ, ಅದಕ್ಕೆ ನಾಚ್ಕೋ."

ಯಂತ್ರ ಉಳಿಯಿತು. ತಮ್ಮ ಸದ್ಯ ಅವಳ ಪಕ್ಕದಲ್ಲೇ ಕೂತು ಕೆಲಸ ಕಲಿಯುತ್ತಿದ್ದಾನೆ. ಕಾಲೇಜಿನ ಮಾತು ಆಮೇಲೆ. ಅವಳು ಈಗಲೂ ಹೂವು ಊದಿಸುತ್ತಾಳೆ. ಅಪ್ಪ ಬಟ್ಟೆ ಹೊಲಿಸಲು ಬಂದ ಗಿರಾಕಿಗಳಿಗೆ, "ನನ್ನ ಮಗಳು ಪ್ರೆಸ್ಸಲ್ಲಿದ್ದಾಳೆ" ಎಂದು ಹೆಮ್ಮೆಯಿಂದ ಹೇಳಿದಾಗಲೆಲ್ಲ ಆ ಹಳೆಯ ಸುಳ್ಳು ನೆನಪಾಗಿ ಅವಳ ಕಣ್ಣು ನೆಲ ನೋಡುತ್ತದೆ.